ಎಂಬತ್ಮೂರನೆಯ ಮೊಳೆ

ನಮ್ಮ ಮನೆಯ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಎರಡು ಮೊಳೆಗಳಿವೆ. ಒಂದು ನನ್ನದು, ಇನ್ನೊಂದು ಯಜಮಾನರದು. ಹೊರಗಿನಿಂದ ಬಂದವಳು ಮೊದಲು ಕೀಲಿಗೊಂಚಲನ್ನು ನನ್ನ ಮೊಳೆಗೆ ಹಾಕಬೇಕು. ಕಾಲು ತೊಳೆಯುವುದು, ನೀರು ಕುಡಿಯುವುದು, ಉಳಿದ ಸಂಸಾರ ಎಲ್ಲ ಆಮೇಲೆ. ಎರಡೂ ಕೈಯಲ್ಲಿ ಶಿರಸಿ ಸಂತೆಯ ಚೀಲಗಳಿದ್ದರೂ ಈ ಕ್ರಮ ತಪ್ಪುವುದಿಲ್ಲ. ಹಲ್ಲಿನಲ್ಲಿ ಕೀಲಿ ಕಚ್ಚಿಕೊಂಡಾದರೂ ಮೊಳೆಗೆ ಸಿಕ್ಕಿಸುತ್ತೇನೆ. ಯಜಮಾನರು ಇಂಥ ಬಂಧನಕ್ಕೆ ಸಿಕ್ಕುವವರಲ್ಲ. ಅವರ ಕೀಲಿ ಫ್ರಿಜ್ಜಿನ ತಲೆಯ ಮೇಲೆ ಸಿಕ್ಕಿದೆ, ದೇವರ ಗೂಡಿನಲ್ಲಿ ಸಿಕ್ಕಿದೆ, ಒಮ್ಮೆ ಅವಲಕ್ಕಿ ಡಬ್ಬದಲ್ಲೂ ಸಿಕ್ಕಿದೆ.

ಹೋದ ತಿಂಗಳು ಅವರ ಮೊಳೆ ಖಾಲಿ ಇದ್ದದ್ದು ಕಂಡು, ಪೇಟೆಗೆ ಹೋಗಿರಬೇಕೆಂದು ನಾನು ಎಲ್ಲ ಬಾಗಿಲು ಹಾಕಿಕೊಂಡು ತಂಗಿಯ ಮನೆಗೆ ಹೋದೆ. ಬಂದು ನೋಡಿದರೆ ಅವರು ಹಿತ್ತಿಲ ಮೆಟ್ಟಿಲ ಮೇಲೆ, ಬನಿಯನ್ ಲುಂಗಿಯಲ್ಲಿ, ಎರಡು ತಾಸಿನಿಂದ ದಾಸವಾಳದ ಗಿಡ ನೋಡುತ್ತ ಕುಳಿತಿದ್ದಾರೆ.

"ಎಂತದೇ, ಗಂಡ ಮನೇಲಿದ್ನ ಇಲ್ಯ ಹೇಳಿ ಮೊಳೆ ಕೇಳಿ ತಿಳ್ಕಳ್ತ್ಯನೇ?" ಎಂದರು.

ಅದು ನನ್ನ ತಪ್ಪಲ್ಲ, ಕಾನಗೇರಿಯ ತಪ್ಪು ಎಂದೆ. ಮದುವೆಯಾದಾಗಿನಿಂದ ನನ್ನ ಎಲ್ಲ ದುರ್ಗುಣಗಳಿಗೂ ನಾನು ಕೊಡುತ್ತ ಬಂದಿರುವ ಕಾರಣ ಅದೇ.

ಕಾನಗೇರಿ ಎಂದರೆ ಯಲ್ಲಾಪುರ ದಾಟಿ ಕಾಡಿನೊಳಗೆ ಹೋದರೆ ಸಿಗುವ ಊರು. ಅದನ್ನು ಊರು ಅನ್ನುವುದೂ ಸ್ವಲ್ಪ ಉಪಚಾರದ ಮಾತೇ. ಪ್ಲೈವುಡ್ ಕಾರ್ಖಾನೆ ಮೊದಲು ಬಂತು. ಅದರ ಹಿಂದೆ ಸಾಲು ಸಾಲು ಕ್ವಾರ್ಟರ್ಸು, ಒಂದು ಶಾಲೆ, ಒಂದು ಕ್ಷೌರದಂಗಡಿ ಬಂದವು. ಸಿದ್ದಾಪುರ ಸೀಮೆಯ ತೋಟದ ಮನೆಯಲ್ಲಿ ಮೂರನೆಯ ಮಗನಾಗಿ ಹುಟ್ಟಿದ ನನ್ನ ಅಪ್ಪಯ್ಯ ಆ ಕಾರ್ಖಾನೆಯಲ್ಲಿ ಟೈಂಕೀಪರ್ ಕೆಲಸಕ್ಕೆ ಸೇರಿದಾಗ ನೆಂಟರೆಲ್ಲ, "ಅಡಕೆ ಸುಲಿಯಲು ಬೇಜಾರೆಂದು ಮರ ಸುಲಿಯಲು ಹೋದ" ಎಂದು ನಕ್ಕರಂತೆ. ಮಾತೇನೂ ಸುಳ್ಳಲ್ಲ. ಅಲ್ಲಿ ಮರವನ್ನು ನಿಜಕ್ಕೂ ಸುಲಿಯುತ್ತಿದ್ದರು. ದಿಮ್ಮಿಗಳನ್ನು ದೊಡ್ಡ ಹೊಂಡದ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಯಂತ್ರಕ್ಕೆ ಕೊಟ್ಟರೆ, ಪತ್ರೊಡೆಯ ಸುರುಳಿ ಬಿಚ್ಚಿದ ಹಾಗೆ ತೆಳ್ಳಗೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು.

ಹರಿದ ಹಾಳೆಗಳೆಲ್ಲ ಮಕ್ಕಳ ಪಾಲು. ಅದರಲ್ಲೇ ನಮ್ಮ ಗಾಳಿಪಟ, ಅದರಲ್ಲೇ ನಮ್ಮ ಆರತಿ ತಟ್ಟೆ, ಅದರಲ್ಲೇ ನಾನು ಗೆಳತಿಗೆ ಬರೆದ "ನಿನ್ನ ಟೂ ಬಿಟ್ಟಿದ್ದೇನೆ" ಎಂಬ ಪತ್ರ. ಊರಿಗೆಲ್ಲ ಅಂಟಿನ ವಾಸನೆ. ಅಲ್ಲಿದ್ದಷ್ಟು ದಿನ ನಮಗದು ಗೊತ್ತೇ ಆಗುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ದೊಡ್ಡಮ್ಮ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿ, ಮೊದಲು ಬಚ್ಚಲಿಗೆ ಅಟ್ಟಿ ಆಮೇಲೆ ಮಾತಾಡಿಸುತ್ತಿದ್ದಳು.

ಅಪ್ಪಯ್ಯನ ಟೈಂ ಆಫೀಸು ಗೇಟಿನ ಪಕ್ಕದಲ್ಲಿತ್ತು. ಒಂದು ಗೋಡೆ ತುಂಬ ಕಪ್ಪು ಹಲಗೆ, ಹಲಗೆ ತುಂಬ ಮೊಳೆ, ಪ್ರತಿ ಮೊಳೆಗೂ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಕೆಲಸಗಾರ ಬೆಳಿಗ್ಗೆ ತನ್ನ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗಬೇಕು, ಸಂಜೆ ಹೊರಗೆ ಬರುವಾಗ ಅದೇ ಮೊಳೆಗೆ ತೂಗುಹಾಕಬೇಕು. ಸಂಜೆ ಒಂದು ಮೊಳೆ ಖಾಲಿ ಉಳಿಯಿತು ಎಂದರೆ ಒಬ್ಬ ಮನುಷ್ಯ ಇನ್ನೂ ಒಳಗಿದ್ದಾನೆ ಎಂದು ಅರ್ಥ. ಯಂತ್ರದ ಸಂದಿಯಲ್ಲೋ, ದಿಮ್ಮಿಯ ಅಡಿಯಲ್ಲೋ, ಹೊಂಡದಲ್ಲೋ. ಆಗ ಭೋಂಗಾ ಮೂರು ಸಲ ಕೂಗುತ್ತಿತ್ತು. ಭೋಂಗಾ ಎಂದರೆ ಕಾರ್ಖಾನೆಯ ಸೈರನ್ನು. ಅದು ಕೂಗಿದರೆ ಕ್ವಾರ್ಟರ್ಸಿನ ಗಂಡಸರೆಲ್ಲ ಉಟ್ಟ ಬಟ್ಟೆಯಲ್ಲೇ ಗೇಟಿಗೆ ಓಡಬೇಕು. ಅಪ್ಪಯ್ಯ ಈ ಪದ್ಧತಿಯನ್ನು ಎಷ್ಟು ನಂಬಿದ್ದನೆಂದರೆ ನಮ್ಮ ಮನೆ ಬಾಗಿಲಲ್ಲೂ ಐದು ಮೊಳೆ ಹೊಡೆದು, ಐದು ಪ್ಲೈವುಡ್ ಬಿಲ್ಲೆ ತೂಗುಹಾಕಿದ್ದ. ಶಾಲೆಗೆ ಹೋಗುವಾಗ ತೆಗೆಯಬೇಕು, ಬಂದು ಹಾಕಬೇಕು. ಆಯಿಯೂ ನೀರಿಗೆ ಹೋಗುವಾಗ ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡೇ ಹೋಗುತ್ತಿದ್ದಳು.

ಇಷ್ಟು ಶಿಸ್ತಿನ ಮನೆಯಲ್ಲಿ ಹುಟ್ಟಿದ ನಾನು ಒಂಬತ್ತನೆಯ ವಯಸ್ಸಿನಲ್ಲಿ ಏನು ಮಾಡಿದೆ ಎಂಬುದನ್ನು ಈ ವರ್ಷದವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ, ಮನಸ್ಸಿನಲ್ಲೇ ಇಟ್ಟುಕೊಳ್ಳಿ.

ಆಗ ನಮಗೆ ಕುಂಟಾಟದ ಹುಚ್ಚು. ನೆಲದ ಮೇಲೆ ಮನೆ ಬರೆದು, ಹಂಚಿನ ಚೂರು ಎಸೆದು, ಒಂಟಿಕಾಲಲ್ಲಿ ಕುಣಿಯುವುದು. ನನ್ನ ಹಂಚಿನ ಚೂರು ಎಲ್ಲಿ ಎಸೆದರೂ ಪುಟಿದು ಗೆರೆಯ ಮೇಲೇ ಬೀಳುತ್ತಿತ್ತು. ಒಂದು ಸಂಜೆ ಅಪ್ಪಯ್ಯನಿಗೆ ಚಾ ಕೊಡಲು ಹೋದವಳ ಕಣ್ಣಿಗೆ ಬಿಲ್ಲೆಗಳು ಬಿದ್ದವು. ತೂಕವಾಗಿ, ಚಪ್ಪಟೆಯಾಗಿ, ಎಸೆದಲ್ಲಿ ಕಚ್ಚಿಕೊಂಡು ಕೂರುವಂಥವು. ಕೆಲಸ ಮುಗಿಸಿದವರೆಲ್ಲ ಬಿಲ್ಲೆ ಹಾಕಿ ಹೋಗುತ್ತಿದ್ದರು, ಗಲಾಟೆಯೋ ಗಲಾಟೆ. ನನ್ನ ಕೈಗೆ ಎಟುಕುವ ಕೆಳಗಿನ ಸಾಲಿನಿಂದ ಒಂದನ್ನು ತೆಗೆದು ಲಂಗದ ಜೇಬಿಗೆ ಹಾಕಿಕೊಂಡೆ. ನಂಬರು ಎಂಬತ್ಮೂರು. ಆಡಿ, ಮರುದಿನ ಚಾ ತರುವಾಗ ವಾಪಸು ಹಾಕಿದರಾಯಿತು ಎಂಬುದು ನನ್ನ ಯೋಜನೆ. ಮುಂದೆ ಗಣಿತ ಕಲಿಸಿ ಹೊಟ್ಟೆ ಹೊರೆದವಳು ಆ ದಿನ ಇಷ್ಟು ಸಣ್ಣ ಲೆಕ್ಕ ತಪ್ಪಿದೆ.

ಎಂಬತ್ಮೂರು ಎಂದರೆ ಫಕೀರಪ್ಪ. ಹಾವೇರಿ ಕಡೆಯಿಂದ ಬಂದು ಹೊಂಡದಲ್ಲಿ ದಿಮ್ಮಿ ತಳ್ಳುವ ಕೆಲಸ ಮಾಡುತ್ತಿದ್ದ, ಆಗಷ್ಟೇ ಮದುವೆಯಾಗಿದ್ದ ಹುಡುಗ. ನಾನು ಮೂರನೆಯ ಮನೆಗೆ ಬಿಲ್ಲೆ ಎಸೆದು ಒಂಟಿಕಾಲಲ್ಲಿ ನಿಂತಿದ್ದೆ, ಭೋಂಗಾ ಕೂಗಿತು. ಒಂದು, ಎರಡು, ಮೂರು. ಅಷ್ಟರಲ್ಲೇ ಯಾರೋ, "ಎಂಬತ್ಮೂರು! ಎಂಬತ್ಮೂರು ಒಳಗೇ ಉಳಿದಿದೆ!" ಎಂದು ಕೂಗುತ್ತ ಓಡಿದರು. ನಾನು ಬಿಲ್ಲೆ ಹೆಕ್ಕಿಕೊಂಡು ಮನೆಗೆ ಓಡಿ, ಬಚ್ಚಲ ಒಲೆಯ ಬೂದಿಯೊಳಗೆ ಹುಗಿದೆ. ಆ ಬೂದಿ ಮರುದಿನ ಬದನೆ ಗಿಡದ ಬುಡಕ್ಕೆ ಹೋಯಿತು. ಬಿಲ್ಲೆಯ ಕತೆ ಅಲ್ಲಿಗೆ ಮುಗಿಯಿತು, ಫಕೀರಪ್ಪನದು ಮುಗಿಯಲಿಲ್ಲ.

ಅವನ ಮನೆಗೆ ಓಡಿದವರು, ಅವನಿನ್ನೂ ಬಂದಿಲ್ಲ ಎಂಬ ಸುದ್ದಿ ತಂದರು. ಹೊಂಡದ ಕೆಲಸಗಾರ, ಬಿಲ್ಲೆ ಇಲ್ಲ, ಮನೆಯಲ್ಲೂ ಇಲ್ಲ. ಇನ್ನು ಹುಡುಕುವುದಾದರೂ ಎಲ್ಲಿ? ಕಾರ್ಖಾನೆಯ ಗಂಡಸರೆಲ್ಲ ಕೊಕ್ಕೆ, ಹಗ್ಗ ಹಿಡಿದು ಹೊಂಡಕ್ಕಿಳಿದರು. ಫಕೀರಪ್ಪನಾದರೋ ಬಿಲ್ಲೆ ಹಾಕಿ, ಮನೆಗೆ ಹೋಗದೆ ನೇರ ನದಿಗೆ ಮೀನು ಹಿಡಿಯಲು ಹೋಗಿದ್ದ. ಮುಸ್ಸಂಜೆಗೆ ಬರುವಾಗ ಹೊಂಡದ ಸುತ್ತ ಜನ ಕಂಡು, "ಏನಾತ್ರಿ?" ಎಂದು ಕೇಳಿದ. ಕತ್ತಲಲ್ಲಿ ಅವನ ಗುರುತು ಹಿಡಿಯದೆ, "ಒಬ್ಬ ಮುಳುಗ್ಯಾನ" ಎಂದರು. ಅವನು ಮೀನಿನ ಬುಟ್ಟಿ ದಡದಲ್ಲಿಟ್ಟು ತಾನೂ ನೀರಿಗೆ ಹಾರಿದ. ಅರ್ಧ ತಾಸು, ಎಲ್ಲರಿಗಿಂತ ಹೆಚ್ಚು ಮುಳುಗಿ ಮುಳುಗಿ ತನ್ನನ್ನೇ ಹುಡುಕಿದ. ಕೊನೆಗೆ ಮೇಸ್ತ್ರಿ ಲಾಟೀನು ಎತ್ತಿ ಹಿಡಿದು ಅವನ ಮುಖ ನೋಡಿ, ಲಾಟೀನನ್ನೇ ನೀರಿಗೆ ಬೀಳಿಸಿದ.

ನಗು ಬಂತೇ? ಊರೂ ನಕ್ಕಿತು. ಆದರೆ ನಕ್ಕು ಬಿಡಲಿಲ್ಲ. ಬಿಲ್ಲೆ ಹಾಕಿದ್ದೆ ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಬೇಜವಾಬ್ದಾರಿ ಎಂದು ಮೂರು ದಿನ ಗೇಟಿನ ಹೊರಗೆ ನಿಲ್ಲಿಸಿದರು. ಆ ಮೆಮೊ ಬರೆದವನು ನನ್ನ ಅಪ್ಪಯ್ಯನೇ. ಅಂದಿನಿಂದ ಅವನ ಹೆಸರು ಮುಳುಗಿದ ಫಕೀರಪ್ಪ ಎಂದಾಯಿತು. ಅಪ್ಪಯ್ಯ ಸಾಯುವವರೆಗೂ ನಾವು ಏನಾದರೂ ಮರೆತರೆ, "ಫಕೀರಪ್ಪನ ಹಾಂಗೆ ಮಾಡಡ" ಎನ್ನುತ್ತಿದ್ದ. ಪ್ರತಿ ಸಲವೂ ನನ್ನ ಕಿವಿ ಬಿಸಿಯಾಗುತ್ತಿತ್ತು. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಕಾಡು ಕಡಿಯುವುದಕ್ಕೆ ತಡೆ ಬಂದು ಕಾರ್ಖಾನೆ ಮುಚ್ಚಿತು, ನಾವು ಶಿರಸಿಗೆ ಬಂದೆವು. ನಾನು ಶಾಲೆಯ ಅಕ್ಕೋರಾದೆ. ಮಕ್ಕಳಿಗೆ ಸತ್ಯ ಹೇಳಿರಿ ಎಂದು ಉಪದೇಶಿಸುವಾಗಲೆಲ್ಲ ಕೈಯಲ್ಲಿ ಸೀಮೆಸುಣ್ಣ ಬೆವರುತ್ತಿತ್ತು.

ಈ ವರ್ಷ ನಿವೃತ್ತಳಾದೆ. ಒಂದು ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಾಟ್ಸಾಪಿನಲ್ಲಿ ಪ್ರವಾಸದ ಫೋಟೋ ಹಾಕಿದ್ದಳು. ಕಾನಗೇರಿ! ಹಿಂದೆ ಅಭಯಾರಣ್ಯದ ಜೀಪು, ಮುಂದೆ ಚಾದಂಗಡಿಯ ಮುದುಕ. ಕೆಳಗೆ, "ಮುಳುಗಿದ ಫಕೀರಜ್ಜ, ಸಖತ್ ಕತೆ ಹೇಳ್ತಾರೆ" ಎಂದು ಬರೆದಿತ್ತು. ಅವನು ಬದುಕಿದ್ದಾನೆ! ಸಂತೋಷವೇನೋ ಆಯಿತು. ಬದುಕಿರುವವನ ಮುಂದೆ ತಪ್ಪೊಪ್ಪಿಕೊಳ್ಳದಿರಲು ಇನ್ನು ನೆಪವಿರಲಿಲ್ಲ. ಅವನಿಗೆ ಎಪ್ಪತ್ತೈದರ ಹತ್ತಿರ, ನನಗೆ ಮಂಡಿನೋವು. ಇಬ್ಬರಲ್ಲೊಬ್ಬರು ಹೊರಡುವ ಮೊದಲು ಹೇಳಿಬಿಡಬೇಕು ಎಂದು ತೀರ್ಮಾನಿಸಿ ಮರುದಿನವೇ ಯಲ್ಲಾಪುರದ ಬಸ್ಸು ಹತ್ತಿದೆ.

ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಕಾನಗೇರಿಯಲ್ಲಿ ಇಳಿದರೆ ನನಗೆ ದಿಕ್ಕೇ ತಿಳಿಯಲಿಲ್ಲ. ವಾಸನೆಯೇ ಇಲ್ಲದ ಕಾನಗೇರಿಯನ್ನು ನಾನು ಕಂಡವಳಲ್ಲ. ಎಲ್ಲೆಲ್ಲೂ ರೆಸಾರ್ಟಿನ ಬೋರ್ಡುಗಳು, ಪ್ರತಿ ಬೋರ್ಡಿನಲ್ಲೂ ಒಂದು ಮಂಗಟ್ಟೆ ಹಕ್ಕಿ. ನಮ್ಮ ಕ್ವಾರ್ಟರ್ಸು ಹೋಂಸ್ಟೇ ಆಗಿದೆ. ಗೋಡೆಯ ಮೇಲೊಂದು ಹುಲಿ ಬರೆದಿದ್ದಾರೆ, ಮುಖ ನಮ್ಮ ಹಳೆಯ ಹೆಡ್‌ಮಾಸ್ತರರದೇ. ಟೈಂ ಆಫೀಸಿನ ಕಿಟಕಿಯಲ್ಲಿ ಈಗ ಸಫಾರಿ ಟಿಕೇಟು ಕೊಡುತ್ತಾರೆ. ನಾವಿದ್ದಾಗ ಹುಲಿ ಕಂಡಿತೆಂದರೆ ಮಕ್ಕಳನ್ನೆಲ್ಲ ಒಳಗೆ ಕರೆದು ಅಗುಳಿ ಹಾಕುತ್ತಿದ್ದರು. ಈಗ ಹುಲಿ ಕಾಣಲಿಲ್ಲವೆಂದು ಒಬ್ಬರು ಆ ಕಿಟಕಿಯ ಮುಂದೆ ಜಗಳಕ್ಕೆ ನಿಂತಿದ್ದರು. ಒಳಗೆ ಇಣುಕಿದೆ. ಕಪ್ಪು ಹಲಗೆ ಇರಲಿಲ್ಲ. ಗೋಡೆಯಲ್ಲಿ ತೂತುಗಳ ಸಾಲು ಮಾತ್ರ ಇತ್ತು. ಅಪ್ಪಯ್ಯನ ನೆನಪಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಹಿಂದಿದ್ದವರು, "ಮೇಡಂ, ಕ್ಯೂ" ಎಂದರು.

ಹೊಂಡ ಮಾತ್ರ ಹಾಗೇ ಇದೆ. ದಿಮ್ಮಿಗಳ ಬದಲು ತಾವರೆ. ದಡದಲ್ಲೇ ಫಕೀರಪ್ಪನ ಅಂಗಡಿ. ಹುಬ್ಬಳ್ಳಿಯವರ ಒಂದು ದಂಡು ಜೀಪಿಗೆ ಕಾಯುತ್ತ, ಗಿರ್ಮಿಟ್ ತಿನ್ನುತ್ತ ಬೆಂಚಿನ ಮೇಲೆ ಕುಳಿತಿತ್ತು. "ಬರ್ರಿ, ಕುಂದರ್ರಿ, ಮಿರ್ಚಿ ಬಿಸಿ ಅದಾವು" ಎಂದು ನನ್ನನ್ನೂ ಕೂರಿಸಿ ಅವನು ಕತೆ ಮುಂದುವರಿಸಿದ. ಅದೇ ಕತೆ! ಆದರೆ ಮೈಕೈ ತುಂಬಿಕೊಂಡಿತ್ತು. ಹತ್ತಡಿಯ ಹೊಂಡ ಮೂವತ್ತಡಿ ಆಗಿತ್ತು. ಒಂದು ಮೊಸಳೆ ಸೇರಿಕೊಂಡಿತ್ತು. ಬಿಲ್ಲೆಯನ್ನು ಕಾಡಿನ ದೇವರು ಜಟಗ ತೆಗೆದುಕೊಂಡು ಹೋಗಿದ್ದ. "ಆಮ್ಯಾಲೆ ಮೇಸ್ತ್ರಿ ಕೇಳಿದ, ಯಾರನ್ನ ಹುಡುಕಾಕತ್ತಿಯೋ? ನಾ ಅಂದೆ, ಮುಳುಗಿದಾವನ್ನ!" ಬೆಂಚು ನಕ್ಕು ನಕ್ಕು ಅಲುಗಾಡಿತು. ಒಳಗೆ ಅಡುಗೆಮನೆಯಲ್ಲಿ ಯಾರೋ ಎಣ್ಣೆಗೆ ಮಿರ್ಚಿ ಬಿಡುವ ಚೊಂಯ್ ಸದ್ದು ಬಿಟ್ಟರೆ ಅಲ್ಲಿಂದ ಬೇರೆ ಸದ್ದಿರಲಿಲ್ಲ.

ದಂಡು ಎದ್ದು ಹೊಂಡದ ಫೋಟೋ ತೆಗೆಯಲು ಹೋಯಿತು. ನಾನು ಹತ್ತಿರ ಹೋಗಿ, "ಫಕೀರಣ್ಣ, ನಾನು ಟೈಂಕೀಪರ್ ಹೆಗಡೇರ ಮಗಳು" ಎಂದೆ.

"ಅಯ್ಯ! ಚಾ ತರತಿದ್ದ ಹುಡುಗಿ?" ಅವನ ಕಣ್ಣು ಅರಳಿತು. "ಎಷ್ಟು ದಿನಕ್ಕ ಬಂದಿ ತಂಗಿ. ಸಾಹೇಬ್ರು ಭಾಳ ಛಲೋ ಮನಿಷ್ಯಾ."

ಹೊಗಳಿಕೆ ಹೆಚ್ಚುವ ಮೊದಲು ಹೇಳಿಬಿಡೋಣವೆಂದು ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದದ್ದನ್ನೆಲ್ಲ ಬಿಟ್ಟು, "ಫಕೀರಣ್ಣ, ನಿಮ್ಮ ಬಿಲ್ಲೆ ತೆಗೆದವಳು ನಾನು. ಕುಂಟಾಟ ಆಡಲಿಕ್ಕೆ" ಎಂದೆ.

ಅವನು ಸಿಟ್ಟಾಗಲಿಲ್ಲ. ಅಳಲಿಲ್ಲ. ತಟಕ್ಕನೆ ಅಡುಗೆಮನೆಯತ್ತ ತಿರುಗಿ ನೋಡಿ, ತುಟಿಗೆ ಬೆರಳಿಟ್ಟು, ನನ್ನನ್ನು ಅಂಗಡಿಯಿಂದಾಚೆ ಹುಣಸೆ ಮರದ ಬುಡಕ್ಕೆ ಕರೆದುಕೊಂಡು ಹೋದ.

"ಸಣ್ಣಗ ಮಾತಾಡ ತಂಗಿ. ಒಳಗ ನನ್ನ ಹೇಣ್ತಿ ಹನುಮವ್ವ ಅದಾಳ. ನನಗ ಏನೂ ಸಿಟ್ಟಿಲ್ಲ. ಮುಳುಗಿದ್ದಕ್ಕ ಇವತ್ತು ನಾಕ್ ಮಂದಿ ನನ್ನ ಅಂಗಡಿಗೆ ಬರತಾರ. ಆದ್ರ ಅಕಿ ಮುಂದ ಮಾತ್ರ ಹೇಳಬ್ಯಾಡ."

"ಯಾಕೆ?"

"ಆವತ್ತು ಮುಂಜಾನೆ ನಮ್ಮಿಬ್ಬರದೂ ಜಗಳ ಆಗಿತ್ತು. ಅಕಿ ನಾಲಿಗಿ ಅಂದ್ರ ಆಗ ಹಂಗಿತ್ತು, ಕೇಳಿದಾವ್ರು ಎದ್ದು ಹೋಗಬೇಕು. 'ಹೋಗು, ಆ ಹೊಂಡದಾಗ ಬಿದ್ದು ಸಾಯಿ' ಅಂತ ಅಂದಿದ್ಲು. ಸಂಜೀಕ ಭೋಂಗಾ ಆತು." ಅವನು ಮೂಗು ಒರೆಸಿಕೊಂಡ. "ಆವತ್ತಿನಿಂದ ಇವತ್ತಿನತನಕ ಅಕಿ ನನಗ ಒಂದು ಬೈಗುಳ ಬೈದಿಲ್ಲ. ತನ್ನ ಬಾಯಾಗ ಏನೋ ಐತಿ, ಆಡಿದ್ದು ತಾಗತೈತಿ ಅಂತ ಹೆದರಿಬಿಟ್ಟಾಳ. ಮಕ್ಕಳಿಗೂ ಬೈಲಿಲ್ಲ, ನಾಯಿಗೂ ಬೈಲಿಲ್ಲ."

"ನಿಮಗೆ ಸುಖವೇ ಆಯ್ತಲ್ಲ ಹಾಗಾದರೆ."

"ಮೊದಲಿನ ಒಂದು ವರ್ಷ ಸುಖ ಅನಿಸ್ತು." ಹೊಂಡದ ಕಡೆ ಮುಖ ತಿರುಗಿಸಿದ. "ಆಮ್ಯಾಲೆ ರೂಢಿ ಆತು. ಈಗ ಖರೇ ಗೊತ್ತಾದ್ರ ಐವತ್ತು ವರ್ಷದ್ದು ಒಮ್ಮೆಲೇ ಬರತೈತಿ. ತಡಕೊಳ್ಳೋ ವಯಸ್ಸೇನು ನಂದು?"

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ಆ ಸಂಜೆ ಬಿಲ್ಲೆ ಹುಗಿದು ನಾನೂ ಜನರ ಹಿಂದೆ ಹೋದಾಗ ಹೊಂಡದ ದಡದಲ್ಲಿ ಕುಳಿತಿದ್ದ ಹನುಮವ್ವ ಕಣ್ಣ ಮುಂದೆ ಬಂದಳು. ಇಪ್ಪತ್ತೂ ತುಂಬದ ಹೆಂಗಸು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳು ತಡೆದುಕೊಂಡಿದ್ದಾಳೆ ಎಂದು ನಾನು ತಿಳಿದಿದ್ದೆ. ಅಂದು ಮುಚ್ಚಿದ ಬಾಯಿಯನ್ನು ಅವಳು ಮತ್ತೆ ತೆರೆದೇ ಇರಲಿಲ್ಲ! ಇಷ್ಟು ವರ್ಷ ನಾನು ಗಂಡನಿಗೆ ಮಾಡಿದ ಅನ್ಯಾಯವನ್ನೇ ಎಣಿಸುತ್ತಿದ್ದೆ. ಹೆಂಡತಿ ನನ್ನ ಎಣಿಕೆಯಲ್ಲಿ ಇರಲೇ ಇಲ್ಲ. ಗಂಡನನ್ನು ಮಾತಿನಿಂದ ಕೊಲ್ಲಲು ಹೋಗಿದ್ದೆ ಎಂದುಕೊಂಡು ಅವಳು ಒಂದು ಆಯುಷ್ಯವನ್ನೇ ಕಳೆದಿದ್ದಳು, ನಾನೊಂದು ಸಂಜೆ ಕುಂಟಾಟ ಆಡಿದ್ದಕ್ಕೆ. ನನಗೆ ತುಂಬಾ ಸಂಕಟವಾಯಿತು. ಫಕೀರಪ್ಪನಿಗೆ ಹ್ಞೂಂ ಎಂದೂ ಹೇಳಲಿಲ್ಲ, ಊಹ್ಞೂಂ ಎಂದೂ ಹೇಳಲಿಲ್ಲ. "ಒಂದು ಲೋಟ ನೀರು ಕುಡಿದು ಬರುತ್ತೇನೆ" ಎಂದು ಅಡುಗೆಮನೆಗೆ ಹೋದೆ.

ಹನುಮವ್ವ ಬಾಣಲೆಯ ಮುಂದೆ ನಿಂತಿದ್ದಳು. ಬೆಳ್ಳಗಿನ ತಲೆ, ಹಣೆಯ ತುಂಬ ಕುಂಕುಮ. ಒಳಗೆ ನುಗ್ಗಿದ ನಾಯಿಗೆ, "ಹೋಗಪ್ಪಾ, ಹೊರಗ ಹೋಗು" ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ನಾನು ಯಾರೆಂದು ಹೇಳಿದೆ. ಆಮೇಲೆ ಉಳಿದದ್ದನ್ನೆಲ್ಲ ಹೇಳಿದೆ. ಕುಂಟಾಟ, ಜೇಬು, ಬೂದಿ, ಬದನೆ ಗಿಡ, ಒಂದನ್ನೂ ಬಿಡಲಿಲ್ಲ.

"ಖರೇನ?" ಎಂದಳು.

"ದೇವರಾಣೆ."

"ನಿನ್ನ ಕೈಯಿಂದ ಆಗಿದ್ದು?"

"ನನ್ನ ಕೈಯಿಂದಲೇ."

"ನನ್ನ ಬಾಯಿಂದಲ್ಲ?"

"ಅಲ್ಲ ಹನುಮವ್ವ. ನಿನ್ನ ಬಾಯಿಂದಲ್ಲ. ತಪ್ಪಾಯ್ತು."

ಅವಳು ಒಲೆ ಆರಿಸಿ ನೆಲದ ಮೇಲೆ ಕುಳಿತುಬಿಟ್ಟಳು. ನಾನೂ ಮಂಡಿನೋವು ಮರೆತು ಪಕ್ಕದಲ್ಲಿ ಕುಳಿತೆ. ಅವಳು ಬಹಳ ಹೊತ್ತು ತನ್ನ ಬಾಯಿಯನ್ನು ತಾನೇ ಬೆರಳಿಂದ ಸವರಿಕೊಳ್ಳುತ್ತಿದ್ದಳು. ನನ್ನನ್ನು ಬೈಯಲಿ ಎಂದು ಕಾದೆ, ಬೈಯಲಿಲ್ಲ. "ಅಷ್ಟು ಸಣ್ಣ ಕೂಸಿಗೆ ಏನಂತ ಬೈಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗೋಡೆ ಹಿಡಿದು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ನಡೆದಳು.

ಫಕೀರಪ್ಪ ಚಾ ಗ್ಲಾಸು ತೊಳೆಯುತ್ತಿದ್ದವನು ಅವಳ ನಡಿಗೆ ನೋಡಿಯೇ ಎದ್ದು ನಿಂತ.

"ಏ..." ಎಂದಳು. ಕೆಮ್ಮಿದಳು. "ಏ ಮುದುಕಾ! ಆವತ್ತು ಮೀನಿಗೆ ಹೋಗೂ ಮುಂದ ಮನೀಗೆ ಬಂದು ಒಂದು ಮಾತು ಹೇಳಿ ಹೋಗಾಕ ನಿನ್ನ ಕಾಲು ಮುರಿದಿದ್ವೇನು? ಊರಿಗೂರ ಹೊಂಡಕ್ಕ ಬಿದ್ದಾಗ ಯಾರು ಸತ್ತಾರ ಅಂತ ಕೇಳಾಕ ನಿನಗ ಬಾಯಿ ಇರಲಿಲ್ಲೇನು?" ಅಲ್ಲಿಗೆ ದಾರಿ ಸಿಕ್ಕಿತು. "ದಿನಾ ಬಂದಾವರ ಮುಂದೆಲ್ಲ ಅದನ್ನ ಕತಿ ಮಾಡಿ ನಗಸ್ತಿ. ನಾ ಒಳಗ ಕುಂತು ದಿನಾ ಕೇಳಬೇಕು. ದಿನಾ ಎದಿ ಹರಕೊಂಡು ಕೇಳಬೇಕು. ಒಂದ್ ದಿನ, ಒಂದೇ ಒಂದ್ ದಿನ, ಒಳಗ ಅಕಿ ಅದಾಳ ಅಂತ ನಿನ್ನ ತಲಿಗೆ ಬಂತೇನು?" ಫಕೀರಪ್ಪನ ತಲೆ ತಗ್ಗಿತು. ಆಮೇಲೆ ಮಗಳ ಮದುವೆಯಲ್ಲಿ ಅವನು ಕಳೆದ ಪೇಟ ಬಂತು, ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಂತು, ಅವನ ಅಕ್ಕ ಬಂದಳು, ಒಂದು ಎಮ್ಮೆಯೂ ಬಂತು. ದನಿ ಏರುತ್ತ ಏರುತ್ತ ಹುಣಸೆ ಮರದ ಕಾಗೆಗಳು ಎದ್ದು ಹಾರಿದವು.

ಹುಬ್ಬಳ್ಳಿಯವರು ಗಾಬರಿಯಾಗಿ ಹೊಂಡದಿಂದ ಓಡಿಬಂದರು. ಅವರಲ್ಲೊಬ್ಬ ನಡುವೆ ಹೋಗಿ, "ಇರ್ಲಿ ಬಿಡ್ರಿ ಅಮ್ಮಾರ, ವಯಸ್ಸಾದವ್ರು" ಎಂದು ಸಮಾಧಾನಕ್ಕೆ ನಿಂತ.

ಫಕೀರಪ್ಪ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದ. ಅವನ ಕಣ್ಣಲ್ಲಿ ನೀರು ಬಳಬಳ ಇಳಿಯುತ್ತಿತ್ತು, ಬಾಯಿ ಮಾತ್ರ ಕಿವಿಯವರೆಗೆ ಹಿಗ್ಗಿತ್ತು.

"ನೀವು ಸುಮ್ಕಿರ್ರಿ," ಎಂದ, "ಕೇಳಾಕ ಬಿಡ್ರಿ."